ನಲವತ್ತು ಗಜದ ಓಟವನ್ನು ಓದುವುದು ಹೇಗೆ?

[ತೆರೆಯ ಮೇಲೆ: ಓಟದ ಪಟ್ಟಿ, ಪಕ್ಕದಲ್ಲಿ ಸಮಯಮಾಪಕ]

ನಮಸ್ಕಾರ. ಪ್ರತಿ ವರ್ಷ ಫೆಬ್ರವರಿಯ ಕೊನೆಯ ಹೊತ್ತಿಗೆ ಸುಮಾರು 300 ಕಾಲೇಜು ಆಟಗಾರರು ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಸೇರುತ್ತಾರೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ, ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್‌ಗೆ ಮುನ್ನ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಅವರ ದೇಹಬಲವನ್ನು ಅಳೆಯುವ ಈ ಶಿಬಿರಕ್ಕೆ ಕಂಬೈನ್ ಎಂದು ಹೆಸರು. ನಿಂತಲ್ಲಿಂದ ಮೇಲಕ್ಕೂ ಮುಂದಕ್ಕೂ ಜಿಗಿಯುವುದು, 102 ಕಿಲೋ ಭಾರವನ್ನು ಸಾಧ್ಯವಾದಷ್ಟು ಸಲ ಎತ್ತುವುದು, ಕೋನ್‌ಗಳ ಸುತ್ತ ದಿಕ್ಕು ಬದಲಿಸುತ್ತ ಓಡುವುದು ಇವೆಲ್ಲ ಇದ್ದರೂ ಜನರ ಕಣ್ಣು ನೆಟ್ಟಿರುವುದು 40 ಗಜದ, ಅಂದರೆ ಸುಮಾರು 36.6 ಮೀಟರಿನ ಓಟದ ಮೇಲೆ.

2024ರಲ್ಲಿ ಜೇವಿಯರ್ ವರ್ದಿ ಈ ದೂರವನ್ನು 4.21 ಸೆಕೆಂಡುಗಳಲ್ಲಿ ಓಡಿ ದಾಖಲೆ ಬರೆದರು. ಅವರ ತೂಕ ಸುಮಾರು 75 ಕಿಲೋ. ಎರಡು ವರ್ಷ ಮೊದಲು, 2022ರಲ್ಲಿ, ಜಾರ್ಡನ್ ಡೇವಿಸ್ ಎಂಬ ರಕ್ಷಣಾ ಆಟಗಾರ ತೆಗೆದುಕೊಂಡದ್ದು 4.78 ಸೆಕೆಂಡು. ಪಟ್ಟಿಯಲ್ಲಿ ಅದು ಬಹಳ ಕೆಳಗೆ ಕಾಣುತ್ತದೆ, ಆದರೆ ಡೇವಿಸ್ ತೂಕ 155 ಕಿಲೋ! ನನ್ನ ಮಟ್ಟಿಗೆ ಇವೆರಡರಲ್ಲಿ ಹೆಚ್ಚು ಬೆರಗು ಹುಟ್ಟಿಸುವುದು ಎರಡನೆಯದೇ. ವರ್ದಿಯ ಎರಡು ಪಟ್ಟಿಗಿಂತ ಹೆಚ್ಚಿನ ದೇಹವನ್ನು ಆ ವೇಗಕ್ಕೆ ತರುವ ಶಕ್ತಿಯೇ, ರಕ್ಷಣಾ ಸಾಲಿನ ನಡುವೆ ನಿಂತು ಎದುರಾಳಿಯನ್ನು ಹಿಂದಕ್ಕೆ ತಳ್ಳಬೇಕಾದ ಡಿಫೆನ್ಸಿವ್ ಟ್ಯಾಕಲ್‌ನ ಬಂಡವಾಳ.

ತೂಕವನ್ನೂ ಲೆಕ್ಕಕ್ಕೆ ತರಲು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳಿಗಾಗಿ ಕ್ರೀಡಾ ಬರಹಗಾರ ಬಿಲ್ ಬಾರ್ನ್‌ವೆಲ್ ‘ಸ್ಪೀಡ್ ಸ್ಕೋರ್’ ಎಂಬ ಸೂತ್ರ ಕೊಟ್ಟರು. ಪೌಂಡ್‌ಗಳಲ್ಲಿರುವ ತೂಕವನ್ನು 200ರಿಂದ ಗುಣಿಸಿ, ಬಂದದ್ದನ್ನು ಓಟದ ಸಮಯದ ನಾಲ್ಕನೆಯ ಘಾತದಿಂದ ಭಾಗಿಸಬೇಕು. 100ರ ಆಸುಪಾಸು ಬಂದರೆ ಸಾಧಾರಣ. 226 ಪೌಂಡ್ ತೂಗುತ್ತಿದ್ದ ಜೊನಾಥನ್ ಟೇಲರ್ 2020ರಲ್ಲಿ 4.39 ಸೆಕೆಂಡಿನಲ್ಲಿ ಓಡಿದ್ದರು. ಲೆಕ್ಕ ಹಾಕಿದರೆ ಸುಮಾರು 122 ಬರುತ್ತದೆ. ಮರುವರ್ಷದ ಋತುವಿನಲ್ಲಿ ಅವರು 1,811 ಗಜ ಓಡಿ ಇಡೀ ಲೀಗ್‌ನಲ್ಲಿ ಮೊದಲಿಗರಾದರು.

ಆಟಗಾರ ಮೈದಾನದಲ್ಲಿ ಆಡುವ ಸ್ಥಾನವನ್ನೂ ಮರೆಯುವಂತಿಲ್ಲ. ಆಕ್ರಮಣ ಸಾಲಿನ ಭಾರೀ ಆಟಗಾರರು ಪಂದ್ಯದಲ್ಲಿ 40 ಗಜ ನೇರವಾಗಿ ಓಡುವುದೇ ಅಪರೂಪವಾದ್ದರಿಂದ, ಅವರ ವಿಷಯದಲ್ಲಿ ಮೊದಲ 10 ಗಜದ ಸಮಯವೇ ಹೆಚ್ಚು ಹೇಳುತ್ತದೆ. ಚೆಂಡನ್ನು ಎಸೆದು ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ಮಟ್ಟಿಗಂತೂ ಈ ಅಳತೆಗಳು ಬಹಳ ದೂರ ಕೊಂಡೊಯ್ಯವು: 2000ರಲ್ಲಿ 5.28 ಸೆಕೆಂಡು ತೆಗೆದುಕೊಂಡು 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಸಲ ಗೆದ್ದರು.

[ತೆರೆಯ ಮೇಲೆ: ಮೂರು ಕೋನ್‌ಗಳ ಓಟದ ನಕ್ಷೆ]

ಒಂದೇ ದೇಹದ ಎರಡು ಅಳತೆಗಳು ಪರಸ್ಪರ ವಿರುದ್ಧ ಸಾಕ್ಷಿ ಹೇಳಿದಾಗ ತಂಡಗಳಿಗೆ ನಿಜವಾದ ಕಷ್ಟ. 2019ರಲ್ಲಿ ಎಸೆದ ಚೆಂಡನ್ನು ಹಿಡಿಯುವ ಆಟಗಾರ, 228 ಪೌಂಡ್‌ನ ಡಿ.ಕೆ. ಮೆಟ್‌ಕಾಫ್ 4.33 ಸೆಕೆಂಡಿನಲ್ಲಿ ಓಡಿದರು, ಆದರೆ ಮೂರು ಕೋನ್‌ಗಳ ಸುತ್ತ ತಿರುಗಲು 7.38 ಸೆಕೆಂಡು ಬೇಕಾಯಿತು, ಬ್ರೇಡಿಗಿಂತಲೂ ನಿಧಾನ. 63 ಆಟಗಾರರು ಆಯ್ಕೆಯಾದ ಮೇಲೆ ಸಿಯಾಟಲ್ ತಂಡ ಅವರನ್ನು ಕರೆಯಿತು. 2020ರ ಅಕ್ಟೋಬರ್‌ನಲ್ಲಿ ಅರಿಜೋನಾದ ಬುಡ್ಡಾ ಬೇಕರ್ ಚೆಂಡನ್ನು ಕಸಿದು ಗೋಲ್ ಗೆರೆಯತ್ತ ಒಬ್ಬರೇ ಓಡುತ್ತಿದ್ದಾಗ, ಬಹಳ ಹಿಂದಿದ್ದ ಮೆಟ್‌ಕಾಫ್ ನೇರ ಗೆರೆಯಲ್ಲಿ ಬೆನ್ನಟ್ಟಿ, ಗೆರೆಗೆ ಇನ್ನು ಕೆಲವೇ ಗಜ ಉಳಿದಿದ್ದಾಗ ಅವರನ್ನು ಕೆಡವಿದರು. ಆ ಸರದಿಯಲ್ಲಿ ಅರಿಜೋನಾಗೆ ಒಂದು ಅಂಕವೂ ದಕ್ಕಲಿಲ್ಲ.