ಸಿರಿಕಾಡಿನ ಬಡಮಣ್ಣು

ರೈತ ಬಾಂಧವರಿಗೆ, ಕೇಳುಗರೆಲ್ಲರಿಗೆ ನಮಸ್ಕಾರ.

ರಾಯಚೂರು, ಮಾನ್ವಿ, ಸಿಂಧನೂರಿನಿಂದ ಶೃಂಗೇರಿಗೋ ಧರ್ಮಸ್ಥಳಕ್ಕೋ ಹೊರಟ ಬಸ್ಸು ಘಟ್ಟದ ಕಾಡು ಹೊಕ್ಕ ಕೂಡಲೇ ಒಳಗೆ ಒಂದು ಮಾತು ಏಳುತ್ತದೆ: "ಯಪ್ಪಾ, ಇಲ್ಲಿ ಮಣ್ಣಾಗ ಏನು ಸತ್ವ ಇರಬೇಕು! ಯಾರೂ ಗೊಬ್ಬರ ಹಾಕಿಲ್ಲ, ಕಾಲುವೆ ನೀರಿಲ್ಲ, ಗಿಡ ಮುಗಿಲು ಮುಟ್ಟ್ಯಾವ." ಸಹಜವಾದ ಮಾತೇ. ಹಿಂಗಾರಿ ಬಿಳಿಜೋಳ ಮಳೆಯ ಮುಖ ನೋಡದೆ ಎರೆಯ, ಅಂದರೆ ಕಪ್ಪು ಮಣ್ಣಿನ, ಹಸಿಯ ಮೇಲೇ ತೆನೆ ಹಿಡಿಯುವುದನ್ನು ಕಂಡವರು ನಾವು. ಬೆಳೆ ಚೆನ್ನಾಗಿದ್ದರೆ ಮಣ್ಣೂ ಚೆನ್ನಾಗಿರಲೇಬೇಕು ಅನ್ನುವುದು ನಮ್ಮ ಲೆಕ್ಕ. ಮಳೆಕಾಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಘಟ್ಟದ್ದಿರಲಿ, ಅಮೆಜಾನಿನದಿರಲಿ, ಅಂಥ ಕಾಡಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಮೂರರಲ್ಲೂ ಬಹುಪಾಲು ಕಡೆ ನಮ್ಮ ಎರೆಯೇ ಗೆಲ್ಲುತ್ತದೆ.

ಕಾರಣ ಮಳೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ನಮ್ಮಲ್ಲಿ ಅದರ ಹತ್ತನೇ ಒಂದು ಪಾಲು ಬಿದ್ದರೆ ಒಳ್ಳೆಯ ವರ್ಷ. ಲಕ್ಷಾಂತರ ವರ್ಷ ಹೀಗೆ ಸುರಿದ ನೀರು ಕರಗುವುದನ್ನೆಲ್ಲ ತೊಳೆದು ಹೊಳೆಗೆ ಒಯ್ದಿದೆ. ಉಳಿದದ್ದು ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣು ಕೆಂಪಗಾಯಿತು, ಹುಳಿಯಾಯಿತು. ಕೆಲವು ಕಡೆ ಗಟ್ಟಿಯಾಗಿ ಜಂಬಿಟ್ಟಿಗೆಯೇ ಆಯಿತು. ಜಿಗುಟು ಮಣ್ಣಿನ ಜಾತಿಯಲ್ಲೂ ಭೇದವಿದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿದು ಮಳೆಗೆ ಉಬ್ಬುವ ನಮ್ಮ ಎರೆಯ ಜೇಡಿ ಪೋಷಕಾಂಶಗಳನ್ನು ತನ್ನ ಪದರಗಳಿಗೆ ಅಂಟಿಸಿಕೊಂಡು ಕೂಡುತ್ತದೆ. ಮಳೆಕಾಡಿನ ಸವೆದ ಜೇಡಿಗೆ ಆ ಹಿಡಿತವಿಲ್ಲ. ಎರೆ ಹೊಲ ಹಗೇವು, ಅಂದರೆ ನೆಲದೊಳಗಿನ ಕಾಳಿನ ಕಣಜ, ಇರುವ ಮನೆ. ಜೋಳ ತುಂಬಿಟ್ಟಿದೆ, ಬರ ಬಂದರೆ ತೆಗೆದು ಉಣ್ಣಬಹುದು. ಮಳೆಕಾಡಿಗೆ ಹಗೇವಿಲ್ಲ. ಅಂದಿನ ಗಳಿಕೆ ಅಂದೇ ಒಲೆಗೆ.

ಹಾಗಾದರೆ ಅಷ್ಟು ದೊಡ್ಡ ಮರಗಳು ಬದುಕುವುದು ಹೇಗೆ? ಉದುರಿದ್ದನ್ನು ಮಣ್ಣಿಗೆ ಇಳಿಯಗೊಡದೆ ಹಿಡಿದುಕೊಂಡು. ಎಲೆ ಹಣ್ಣಾಗುವಾಗಲೇ ಮರ ಅದರೊಳಗಿನ ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧವನ್ನು ವಾಪಸು ಎಳೆದುಕೊಳ್ಳುತ್ತದೆ. ಉದುರಿದ ದರಗು ಆ ಬಿಸಿಲಿಲ್ಲದ ಬಿಸಿಯಲ್ಲಿ, ಆರದ ತೇವದಲ್ಲಿ ಬಹಳ ದಿನ ಉಳಿಯುವುದಿಲ್ಲ. ಗೆದ್ದಲು, ಅಣಬೆ, ಕಣ್ಣಿಗೆ ಕಾಣದ ಜೀವಿಗಳು ಸೇರಿ ಒಂದು ವರ್ಷದೊಳಗೆ ಅದರ ಬಹುಭಾಗವನ್ನು ಮುಗಿಸುತ್ತವೆ. ಬಿಡುಗಡೆಯಾದ ಸತ್ವಕ್ಕೆ ಬಾಯಿ ತೆರೆದು ಕೂತ ಬೇರುಗಳು ಆಳದಲ್ಲಿಲ್ಲ, ಮೇಲೇ ಹೆಣೆದುಕೊಂಡಿವೆ. ಕೆಲವು ಕಡೆ ಬೇರಿನ ಚಾಪೆಯೇ ಮಣ್ಣಿನ ಮೇಲೆ ಹಾಸಿರುತ್ತದೆ, ದರಗಿನೊಳಕ್ಕೆ ಏರಿ ಬಂದಿರುತ್ತದೆ. ಬೇರಿನ ತುದಿಗೆ ಅಣಬೆಯ ಎಳೆಗಳು ಅಂಟಿ, ಬೇರು ಮುಟ್ಟಲಾರದ ಸಂದಿಯಿಂದಲೂ ರಂಜಕ ಎಳೆದು ಮರಕ್ಕೆ ಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತವೆ. ಗೊಬ್ಬರದಂಗಡಿಯಲ್ಲಿ ವ್ಯಾಮ್ ಎಂದು ಚೀಲದಲ್ಲಿ ಮಾರುತ್ತಾರಲ್ಲ, ಅದೇ ಬಳಗದ ಅಣಬೆ ಅಲ್ಲಿ ಪುಕ್ಕಟೆ ದುಡಿಯುತ್ತದೆ.

ಈ ಹಿಡಿತ ಎಷ್ಟು ಬಿಗಿ ಎಂದು ಅಳೆದವರಿದ್ದಾರೆ. ವೆನೆಜುವೆಲಾದ ಸ್ಯಾನ್ ಕಾರ್ಲೋಸ್ ಡಿ ರಿಯೊ ನೆಗ್ರೊ ಎಂಬಲ್ಲಿ ನೆಲ್ಲಿ ಸ್ಟಾರ್ಕ್ ಮತ್ತು ಕಾರ್ಲ್ ಜೋರ್ಡನ್ ಎಂಬ ವಿಜ್ಞಾನಿಗಳು ಬೇರಿನ ಚಾಪೆಯ ಮೇಲೆ ವಿಕಿರಣಶೀಲ ಕ್ಯಾಲ್ಸಿಯಂ, ರಂಜಕ ಸಿಂಪಡಿಸಿ, ಕೆಳಗೆ ಎಷ್ಟು ಸೋರಿತು ನೋಡಿದರು. 1978ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ನೂರಕ್ಕೆ 99.9 ಪಾಲು ಚಾಪೆಯಲ್ಲೇ ನಿಂತಿತು. ನಮ್ಮ ಕಾಲುವೆ ಕೆಳಗಿನ ಗದ್ದೆಯ ಮಾತು ಬೇಡವೇ ಬೇಡ: ಚೆಲ್ಲಿದ ಯೂರಿಯಾದ ಸಾರಜನಕದಲ್ಲಿ ಭತ್ತದ ಬಾಯಿಗೆ ಬೀಳುವುದು ಸಾಮಾನ್ಯವಾಗಿ ನೂರಕ್ಕೆ 30-40. ಮಿಕ್ಕದ್ದು ಗಾಳಿಗೆ, ಬಸಿ ನೀರಿಗೆ.

ಇಷ್ಟಾದರೂ ಕಾಡು ಪೂರಾ ಮುಚ್ಚಿದ ಡಬ್ಬಿಯಲ್ಲ. ಅಮೆಜಾನಿನಿಂದ ಮಳೆ, ಪ್ರವಾಹದ ಜೊತೆ ವರ್ಷವರ್ಷ ಸ್ವಲ್ಪ ರಂಜಕ ಹೋಗುತ್ತಲೇ ಇರುತ್ತದೆ. ಅದನ್ನು ತುಂಬಿಕೊಡುವುದು ಎಲ್ಲಿಯದೋ ಧೂಳು. ಆಫ್ರಿಕಾದ ಚಾಡ್ ದೇಶದ ಬೊಡೆಲೆ ಎಂಬಲ್ಲಿ ಒಂದು ಕಾಲದ ದೊಡ್ಡ ಕೆರೆ ಒಣಗಿ ಬಿದ್ದಿದೆ. ಅಲ್ಲಿಯ ಹೂಳು ಸಹಾರಾದ ಗಾಳಿಗೆ ಎದ್ದು, ಸಮುದ್ರ ದಾಟಿ ಅಮೆಜಾನಿನ ಮೇಲೆ ಬೀಳುತ್ತದೆ. ಉಪಗ್ರಹದಿಂದ ಅಳೆದು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಆ ಧೂಳಿನಲ್ಲಿ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಬರುತ್ತದೆ. ಹೋದದ್ದೂ ಬಂದದ್ದೂ ಹೆಚ್ಚುಕಡಿಮೆ ಸಮ. ಮರುಭೂಮಿ ಕಾಡಿಗೆ ಉಣ್ಣಿಸುವುದೆಂದರೆ ನನಗಂತೂ ಈ ಕಥೆಯಲ್ಲಿ ಇದಕ್ಕಿಂತ ಸೋಜಿಗದ್ದು ಇನ್ನೊಂದಿಲ್ಲ.

ಕಾಡು ಕಡಿದು ಸುಟ್ಟರೆ ಏನಾಗುತ್ತದೆ ಎಂಬುದನ್ನು ಘಟ್ಟದ ಹಳಬರು ಬಲ್ಲರು. ಅಲ್ಲಿ ಹಿಂದೆ ಕುಮರಿ ಬೇಸಾಯ ಇತ್ತು. ಮರ ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲುವುದು. ಬೂದಿ ಮಣ್ಣಿನ ಹುಳಿ ಮುರಿಯುತ್ತದೆ, ಮರದಲ್ಲಿದ್ದ ಪೊಟ್ಯಾಷ್, ಕ್ಯಾಲ್ಸಿಯಂ ಕೊಡುತ್ತದೆ, ಮೊದಲ ಬೆಳೆ ಭರ್ಜರಿ. ಎರಡನೆಯದು ಸಾಧಾರಣ. ಆಮೇಲೆ ಜಾಗ ಬಿಟ್ಟು ಮುಂದಕ್ಕೆ, ಕಾಡು ಮತ್ತೆ ಬೆಳೆಯಲು ವರ್ಷಗಟ್ಟಲೆ ಬಿಡುವು. ಅದೇ ಘಟ್ಟದ ಅಡಿಕೆಯವರು ಇನ್ನೊಂದು ದಾರಿ ಹಿಡಿದರು. ಶಿರಸಿ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದು ಸುಮ್ಮನೆ ಅಲ್ಲ. ಅಷ್ಟು ಕಾಡಿನ ಸೊಪ್ಪು, ದರಗು ಬಂದರೇ ಒಂದು ಎಕರೆ ತೋಟ ನಿಲ್ಲುವುದು.

ಅಮೆಜಾನಿನ ಹಳೆಯ ಜನ ಮಾತ್ರ ಬಡಮಣ್ಣಿಗೇ ಹಗೇವು ತೋಡಿದರು. ಅಲ್ಲಲ್ಲಿ ಹಳೆಯ ಊರಿನ ಜಾಗದಲ್ಲಿ ಕಡುಗಪ್ಪು ಮಣ್ಣಿದೆ, ತೆರ್ರಾ ಪ್ರೆಟಾ ಎನ್ನುತ್ತಾರೆ. ಅರೆಬೆಂದ ಇದ್ದಲು, ಮೀನಿನ ಮೂಳೆ, ಅಡಿಗೆಯ ಕಸ, ಮಡಕೆ ಚೂರು ಸೇರಿ ಆದ ಮಣ್ಣು. ಸಾವಿರಾರು ವರ್ಷ ಆ ಮಳೆ ತಿಂದರೂ ಅದರ ಸತ್ವ ಇಳಿದಿಲ್ಲ. ಇದ್ದಲು ಬೇಗ ಕೊಳೆಯುವುದಿಲ್ಲ, ಪೋಷಕಾಂಶ ಹಿಡಿಯುತ್ತದೆ.

ಇದನ್ನು ಕೇಳಿದಾಗ ನಮ್ಮವರಿಗೆ ನೆನಪಾಗಬೇಕಾದದ್ದು ಕುಡತಿನಿಯ ಬೂದಿದಿಬ್ಬ. ಬಳ್ಳಾರಿ–ರಾಯಚೂರು ಸೀಮೆಯಲ್ಲಿ ಇಂಥವು ಹಲವಿವೆ. ಹಂಪಿ ಹತ್ತಿರ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಗೆದು ನೋಡಿದವರು ಹೇಳುವುದು ಬೇರೆ: ನಾಲ್ಕೈದು ಸಾವಿರ ವರ್ಷದ ಕೆಳಗೆ ಇಲ್ಲಿ ದನ ಕಟ್ಟಿದ್ದವರು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಯಾಕೆ ಸುಟ್ಟರೆಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಾರಜನಕ ಹೊಗೆಯಾಗಿ ಹೋಯಿತು, ಉಳಿದದ್ದು ಒಂದೇ ಕಡೆ ಗುಡ್ಡವಾಯಿತು. ಆಮೇಲಿನ ಕಾಲದ ರೈತರು ಎಷ್ಟೋ ದಿಬ್ಬಗಳ ಬೂದಿಯನ್ನು ಗೊಬ್ಬರ ಎಂದು ಹೊಲಕ್ಕೆ ಹೇರಿದ್ದಾರೆ, ಪುರಾತತ್ವದವರು ಹಲ್ಲು ಕಡಿದಿದ್ದಾರೆ.

ಸುಡುವ ರೂಢಿ ಇನ್ನೂ ಬಿಟ್ಟಿಲ್ಲ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೊ ಸಾರಜನಕ, 12ರಿಂದ 17 ಕಿಲೊ ಪೊಟ್ಯಾಸಿಯಂ ಇರುತ್ತದೆ. ಬೆಂಕಿ ಇಟ್ಟರೆ ಸಾರಜನಕ ಬಹುಪಾಲು ಮುಗಿಲಿಗೆ. ಪೊಟ್ಯಾಸಿಯಂ ಬೂದಿಯಲ್ಲಿ ಉಳಿದೀತು, ಗಾಳಿ ಬಿಟ್ಟರೆ.

ಈಚೆಗೆ ಇದ್ದಲ ಗೊಬ್ಬರ, ಬಯೋಚಾರ್ ಎಂದು ಅಮೆಜಾನಿನ ಹೆಸರು ಹೇಳಿ ಮಾರುವವರೂ ಬರುತ್ತಿದ್ದಾರೆ. ಒಂದು ಸಂಗತಿ ಗಮನಿಸಿ. ಅಲ್ಲಿಯ ಮಣ್ಣು ಹುಳಿ, ರಸಸಾರ (ಪಿಎಚ್) ನಾಲ್ಕು-ಐದರ ಆಸುಪಾಸು. ಇದ್ದಲಿಗೂ ಬೂದಿಗೂ ಕ್ಷಾರಗುಣ ಇರುವುದರಿಂದ ಅಲ್ಲಿ ಎರಡು ಲಾಭ. ನಮ್ಮ ಎರೆ ಮೊದಲೇ ಕ್ಷಾರ, ಕಾಲುವೆ ತುದಿಯಲ್ಲಿ ಸವುಳೂ ಸೇರಿದೆ. ಅಲ್ಲಿ ಕಬ್ಬಿಣ ರಂಜಕವನ್ನು ಕಟ್ಟಿಹಾಕಿದರೆ ಇಲ್ಲಿ ಕಟ್ಟಿಹಾಕುವುದು ಸುಣ್ಣ. ಆದ್ದರಿಂದ ದುಡ್ಡು ಎಣಿಸುವ ಮುಂಚೆ ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಿ. ರಸಸಾರ ಎಂಟು ದಾಟಿದ್ದರೆ, ಆ ದುಡ್ಡಿಗೆ ಹೊಲದಲ್ಲಿ ಕುರಿ ತರುಬಿಸುವುದೇ ಮೇಲು ಎಂಬುದು ನನ್ನ ಲೆಕ್ಕ. ಹಗಲೆಲ್ಲ ಗುಡ್ಡ, ಬೀಳು ಮೇಯ್ದು ಬಂದ ಕುರಿ ಅಲ್ಲಿಯ ಸತ್ವವನ್ನು ರಾತ್ರಿ ನಿಮ್ಮ ಹೊಲದಲ್ಲಿ ಇಳಿಸುತ್ತದೆ, ಹಿಕ್ಕೆಯ ಜೊತೆ ಗಂಜಲವೂ ಸಿಗುತ್ತದೆ. ಕುರುಬರ ಜೊತೆ ದರ ಮಾತಾಡಿಕೊಳ್ಳುವುದು ನಿಮಗೇ ಬಿಟ್ಟದ್ದು. ನಮಸ್ಕಾರ.