ಗಂಟಲು ನೋವು: ಕೆಮ್ಮಿದೆಯೇ, ನೋಡಿ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗೊಬ್ಬರಿಗಾದರೂ ಗಂಟಲು ಕೆರೆತ. ಅಂಗಡಿಯಿಂದ ನಾಲ್ಕು ಆಂಟಿಬಯಾಟಿಕ್ ಮಾತ್ರೆ ತಂದು, ನೋವು ಇಳಿದ ಕೂಡಲೇ ನಿಲ್ಲಿಸುವವರು ಬಹಳ ಮಂದಿ. ಹೆಚ್ಚಿನ ಗಂಟಲು ನೋವು ವೈರಸ್ಸಿನದು, ಅದಕ್ಕೆ ಆ ಮಾತ್ರೆ ನಾಟುವುದೇ ಇಲ್ಲ. ನಾಟುವ ಕಾಯಿಲೆಗೆ ಎರಡು ದಿನ ಸಾಲದು.

ಕೆಮ್ಮು, ಸೋರುವ ಮೂಗು, ಒಡೆದ ದನಿ ಇದ್ದರೆ ಬಹುತೇಕ ವೈರಸ್. ವಾರದೊಳಗೆ ತಾನಾಗಿ ಇಳಿಯುತ್ತದೆ. ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಎಂಬ ಬ್ಯಾಕ್ಟೀರಿಯಾ ರೋಗಾಣುವಿನ ಅನುಮಾನಕ್ಕೆ ನಾವು ವೈದ್ಯರು ನಾಲ್ಕು ಗುರುತು ಹುಡುಕುತ್ತೇವೆ: ಕೆಮ್ಮಿಲ್ಲದಿರುವುದು, 100.4 ಡಿಗ್ರಿ ದಾಟಿದ ಜ್ವರ, ಊದಿದ ಅಥವಾ ಬಿಳಿ ಕೀವು ಕಟ್ಟಿದ ಟಾನ್ಸಿಲ್, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು. ಒಂದೊಂದಕ್ಕೂ ಒಂದು ಅಂಕ. 3ರಿಂದ 14 ವರ್ಷದವರಿಗೆ ಒಂದು ಕೂಡಿಸಿ, 45 ತುಂಬಿದವರಿಗೆ ಒಂದು ಕಳೆಯುತ್ತೇವೆ. ಮೊತ್ತ ಒಂದೋ ಸೊನ್ನೆಯೋ ಆದರೆ ಆಂಟಿಬಯಾಟಿಕ್ ಬೇಡ. ನಾಲ್ಕು ಬಂದರೂ ಸುಮಾರು ಅರ್ಧದಷ್ಟು ಮಂದಿಗಷ್ಟೇ ಸ್ಟ್ರೆಪ್ ಇರುತ್ತದೆ. ಹಾಗಾಗಿ ಅನುಕೂಲವಿದ್ದಲ್ಲಿ ಗಂಟಲ ದ್ರವ ತೆಗೆದು ಪರೀಕ್ಷಿಸುವುದೇ ಸರಿ.

ಸ್ಟ್ರೆಪ್ ಆದರೆ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್. ತೂಕದ ಪ್ರತಿ ಕೆಜಿಗೆ ದಿನಕ್ಕೆ 50 ಮಿಲಿಗ್ರಾಂ, ಒಟ್ಟು 1000 ಮೀರದಂತೆ, 10 ದಿನ. ಪೆನಿಸಿಲಿನ್ ಒಗ್ಗದಿದ್ದರೆ ಮೊದಲೇ ಹೇಳಿ. ಎರಡು ಮೂರು ದಿನಕ್ಕೆ ಜ್ವರ ಬಿಟ್ಟೀತು, ರೋಗಾಣು ಗಂಟಲು ಬಿಟ್ಟಿರುವುದಿಲ್ಲ. ಅದು ಉಳಿದರೆ ಎರಡು ಮೂರು ವಾರಕ್ಕೆ ರುಮ್ಯಾಟಿಕ್ ಜ್ವರ ಬಂದು, ಕೀಲು ನೋಯಿಸಿ, ಹೃದಯದ ಕವಾಟ ಕೆಡಿಸಬಹುದು. ಮಕ್ಕಳಲ್ಲೇ ಇದರ ಭಯ ಹೆಚ್ಚು. ನೋವು ಶುರುವಾಗಿ 9 ದಿನದೊಳಗೆ ಔಷಧ ಆರಂಭಿಸಿದರೂ ಇದನ್ನು ತಡೆಯಬಹುದು. ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾದರೆ ನಷ್ಟವಿಲ್ಲ.

ನೋವಿಗೆ ಪ್ಯಾರಾಸಿಟಮಾಲ್ ಸಾಕು, ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ ಮೀರದಂತೆ, ಆರು ಗಂಟೆಗೊಮ್ಮೆ. 20 ಕೆಜಿಯ ಮಗುವಿಗೆ 300. ಸಿರಪ್ಪಿನ ಬಾಟಲಿ ಓದಿಯೇ ಅಳೆಯಿರಿ: 5 ಮಿಲಿಲೀಟರಿಗೆ 125ರದ್ದೂ ಇದೆ, 250ರದ್ದೂ ಇದೆ. 125ರದ್ದರ ಅಳತೆಯಲ್ಲೇ 250ರದ್ದನ್ನು ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ದೊಡ್ಡವರು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ. ಕಾಳುಮೆಣಸಿನ ಕಷಾಯವೂ ಹಿತವೇ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬೇಡಿ.

ಚಳಿಗಾಲದಿಂದ ಮೇ ತಿಂಗಳವರೆಗೆ, ಸೊಪ್ಪು ಸೌದೆಗೆ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಕೆಂಪು ಕಣ್ಣು ಕಂಡರೆ ಗಂಟಲಿನದೇ ಎಂದು ಕೂರಬೇಡಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು, ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಿ.

ಜೊಲ್ಲು ನುಂಗಲಾಗದಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರೆಳೆಯುವಾಗ ಗೊರಗೊರ ಸದ್ದಾದರೆ, ಗಂಟಲಲ್ಲಿ ಬೂದು ಪೊರೆ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಮಗುವಿನ ಬಾಯಿಗೆ ಚಮಚ ಹಾಕಿ ನೋಡಬೇಡಿ, ಮಲಗಿಸಬೇಡಿ. ಕೂತ ಹಾಗೆಯೇ ತೊಡೆಯ ಮೇಲೆ ಹಿಡಿದುಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ.