ಮುತ್ತಾತನ ಹೆಸರಿಗಿಂತ ಮೊದಲು ಅವರ ಹೊಲವನ್ನು ಹುಡುಕಿ: ದುರ್ಗ, ದಾವಣಗೆರೆ ಸೀಮೆಯ ಹಳೆಯ ದಾಖಲೆಗಳು

[ದೃಶ್ಯ: ಕೋಟೆಯ ಮೇಲಿನಿಂದ ಚಿತ್ರದುರ್ಗ ಪಟ್ಟಣ]

ನಮಸ್ಕಾರ. ನಮ್ಮ ಸೀಮೆಯ ಬಹುಪಾಲು ಮನೆಗಳಲ್ಲಿ ನೆನಪು ಮುತ್ತಾತನವರೆಗೆ ಹೋಗಿ ನಿಲ್ಲುತ್ತದೆ. ಅವರ ತಂದೆ ಯಾರು, ಯಾವ ಊರಿನಿಂದ ಬಂದರು ಎಂದು ಕೇಳಿದರೆ ಹಿರಿಯರಿಗೂ ತಿಳಿಯದು. ಅದಕ್ಕೂ ಹಿಂದಿನ ತಲೆಮಾರುಗಳನ್ನು ಹಳೆಯ ದಾಖಲೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹುಡುಕುವ ಬಗೆಯನ್ನು ಈ ವಿಡಿಯೋದಲ್ಲಿ ವಿವರಿಸುತ್ತೇನೆ.

ಮೊದಲಿಗೆ ಒಂದು ಮಾತು: ಹೆಸರನ್ನು ಹಿಡಿದು ಹೊರಡಬೇಡಿ, ಊರನ್ನೂ ಹೊಲವನ್ನೂ ಹಿಡಿದು ಹೊರಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಒಂದು ಊರಿನಲ್ಲಿ ತಿಪ್ಪೇಸ್ವಾಮಿ, ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರಿನವರು ಎಷ್ಟು ಮಂದಿ ಇರುತ್ತಾರೆಂಬುದು ನಿಮಗೇ ಗೊತ್ತು. ಅದರ ಮೇಲೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ, ಒಂದೇ ಮನೆಯಲ್ಲಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತದೆ. ಹೊಲ ಹಾಗಲ್ಲ, ಅದು ಇದ್ದಲ್ಲಿಯೇ ಇರುತ್ತದೆ, ಅದರ ಮೇಲಿನ ಹೆಸರುಗಳು ಮಾತ್ರ ಬದಲಾಗುತ್ತಾ ಹೋಗುತ್ತವೆ.

[ದೃಶ್ಯ: ತಾಲ್ಲೂಕುಗಳ ನಕ್ಷೆ]

ಊರು ತಿಳಿದ ಮೇಲೆ, ಆ ಊರು ಆಗ ಯಾವ ಆಡಳಿತಕ್ಕೆ ಸೇರಿತ್ತು ಎಂಬುದನ್ನು ನೋಡಬೇಕು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗಕ್ಕೆ, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಕೆಲವು ಕಾಲ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಂತೂ 1953ರವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆದ್ದರಿಂದ ಆ ಭಾಗದ ಹಳೆಯ ಕಡತಗಳನ್ನು ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಹುಡುಕಿ ಫಲವಿಲ್ಲ. ಇಂಗ್ಲಿಷ್ ಕಾಗದಗಳಲ್ಲಿ ಚಿತ್ರದುರ್ಗವನ್ನು ‘ಚಿತಲ್‌ದ್ರೂಗ್’ ಎಂದು ಬರೆದಿರುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುವಾಗ ಆ ರೂಪವನ್ನೂ ಬಳಸಿ.

ಈಗ ಹೊಲದ ಕಾಗದಕ್ಕೆ ಬರೋಣ. ಇಂದಿನ ಪಹಣಿಯಿಂದ ಸರ್ವೆ ನಂಬರ್ ತೆಗೆದುಕೊಂಡು, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ (ಹಕ್ಕು ವರ್ಗಾವಣೆ), ಖಾತೆ ಪುಸ್ತಕಗಳ ನಕಲಿಗೆ ಅರ್ಜಿ ಕೊಡಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಮುಂದೆ ಮರುಸರ್ವೆಯಲ್ಲಿ ನಂಬರ್ ಬದಲಾಗಿದ್ದರೆ ಹಳೆಯ ನಂಬರನ್ನೂ ಕೇಳಿ ಬರೆದುಕೊಳ್ಳಿ. ಈ ಪುಸ್ತಕಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರನ್ನು, ಮದುವೆಯಾದ ಹೆಣ್ಣುಮಗಳ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರನ್ನು ಕೊಟ್ಟಿರುತ್ತಾರೆ. ಹಕ್ಕು ವರ್ಗಾವಣೆಯ ಒಂದೇ ಸಾಲಿನಲ್ಲಿ ಹೀಗೆ ಎರಡು, ಕೆಲವೊಮ್ಮೆ ಮೂರು ತಲೆಮಾರು ಸಿಗುವುದುಂಟು. ನನ್ನ ಅಭಿಪ್ರಾಯದಲ್ಲಿ ಪಾಲುಪತ್ರದಷ್ಟು ಬೆಲೆಯುಳ್ಳ ಕಾಗದ ಮತ್ತೊಂದಿಲ್ಲ, ಏಕೆಂದರೆ ಪಾಲು ಕೇಳಿದ ಪ್ರತಿಯೊಬ್ಬರೂ ತಮ್ಮ ಸಂಬಂಧವನ್ನು ಅದರಲ್ಲಿ ಹೇಳಿಕೊಂಡಿರುತ್ತಾರೆ.

[ದೃಶ್ಯ: ಮಡಿಸಿದ ಕಪ್ಪು ಕಡತ, ಬಳಪದ ಬರಹ]

ಮನೆಯ ಅಟ್ಟದಲ್ಲಿರುವ ಹಳೆಯ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರವಷ್ಟೇ ಇರಬಹುದು. ಇಲ್ಲಿ ಬಹಳ ಎಚ್ಚರ ಬೇಕು. ಅರವತ್ತು ಸಂವತ್ಸರಗಳು ಸುತ್ತಿ ಬರುವುದರಿಂದ ‘ಧಾತು ಸಂವತ್ಸರ’ ಎಂದರೆ 1876-77 ಆಗಬಹುದು, 1936-37 ಕೂಡ ಆಗಬಹುದು. ತಪ್ಪಾಗಿ ಓದಿದರೆ ತಾತನ ಕಾಗದ ಅವರ ತಾತನದಾಗಿಬಿಡುತ್ತದೆ. ಜೊತೆಯಲ್ಲಿ ಶಕವರ್ಷವಿದ್ದರೆ ಅದಕ್ಕೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣದ ತಿಥಿಯಾದರೆ ಇಸವಿ ಒಂದು ಹೆಚ್ಚಾಗಬಹುದು. ಶಕವೂ ಇಲ್ಲದಿದ್ದರೆ ಶಾನುಭೋಗರ ಹೆಸರು, ಛಾಪಾಕಾಗದದ ಮುದ್ರೆ ಇವುಗಳಿಂದ ಕಾಲವನ್ನು ಗೊತ್ತುಮಾಡಬೇಕು. ‘ಧಾತು ಬರದಲ್ಲಿ ಊರು ಬಿಟ್ಟರು’ ಎಂದು ಮನೆಯವರು ಹೇಳುತ್ತಿದ್ದರೆ ಅದು 1876ರಿಂದ 78ರವರೆಗಿನ ಮಹಾಕ್ಷಾಮದ ನೆನಪು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಅನೇಕ ವಂಶಗಳ ಎಳೆ ಅಲ್ಲಿ ಕಡಿದುಹೋಗಿರುವುದು ಹುಡುಕುವವರ ಕೊರತೆಯಿಂದಲ್ಲ.

ಹೊಲವೇ ಇಲ್ಲದಿದ್ದ ಮನೆಗಳ ಮಾತೇನು? ಈ ಪ್ರಶ್ನೆಯನ್ನು ನಾವು ಬಿಟ್ಟು ಮುಂದೆ ಹೋಗಬಾರದು. ತೋಟಿ, ತಳವಾರ, ನೀರುಗಂಟಿ ಕೆಲಸ ಮಾಡುತ್ತಿದ್ದ ಮನೆತನಗಳಿಗೆ ಚಾಕರಿ ಇನಾಂ, ಎಂದರೆ ಆ ಕೆಲಸಕ್ಕೆ ಪ್ರತಿಯಾಗಿ ಕೊಟ್ಟ ಜಮೀನು ಇರುತ್ತಿತ್ತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆಯ ನಂತರ ಆ ಜಮೀನುಗಳನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ, ಹುದ್ದೆ ಯಾರಿಂದ ಯಾರಿಗೆ ಬಂತೆಂಬ ವಂಶದ ವಿವರ ಸಿಗಬಹುದು. ಅದೂ ಇಲ್ಲದಿದ್ದರೆ ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿ.

ಹೆಳವರನ್ನು ಮರೆಯಬೇಡಿ. ಎತ್ತಿನೊಂದಿಗೆ ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ಹಾಡಿ ಹೇಳುತ್ತಾ ಬಂದ ಇವರಲ್ಲಿ ಕೆಲವರು ಈಗ ಪುಸ್ತಕದಲ್ಲಿಯೂ ಬರೆದಿಟ್ಟುಕೊಂಡಿದ್ದಾರೆ. ಅವರು ಹೇಳುವ ಮೂಲಸ್ಥಳ, ಬೆಡಗು (ಕುಲದ ಒಳಗುಂಪು), ಮನೆದೇವರು ಕಂದಾಯದ ಯಾವ ಪುಸ್ತಕದಲ್ಲಿಯೂ ಸಿಗದ ಸಂಗತಿಗಳು. ಅವರ ಅನುಮತಿ ಪಡೆದು, ಸಲ್ಲಬೇಕಾದ ಕಾಣಿಕೆ ಸಲ್ಲಿಸಿ, ಧ್ವನಿಮುದ್ರಣ ಮಾಡಿಕೊಳ್ಳಿ.

[ದೃಶ್ಯ: ಹಳದಿಗಟ್ಟಿದ ಪತ್ರಿಕೆಯ ಪುಟ]

ಪತ್ರಿಕೆಗಳನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ: ಊರು ಮತ್ತು ವರ್ಷ ಕೈಯಲ್ಲಿಲ್ಲದೆ ಅವುಗಳನ್ನು ತೆರೆದರೆ ದಿನಗಳು ಕಳೆಯುತ್ತವೆಯೇ ಹೊರತು ಏನೂ ದೊರೆಯುವುದಿಲ್ಲ. ಪಟೇಲರೋ ಶಿಕ್ಷಕರೋ ಸರ್ಕಾರಿ ನೌಕರರೋ ಆಗಿದ್ದವರನ್ನು 1866ರಲ್ಲಿ ಆರಂಭವಾದ ಮೈಸೂರು ಗೆಜೆಟ್‌ನಲ್ಲಿ ಹುಡುಕಬಹುದು. ಚಳವಳಿಯಲ್ಲಿದ್ದವರಾದರೆ ಘಟನೆಯ ವರ್ಷವನ್ನು ಹಿಡಿಯಿರಿ. ಉದಾಹರಣೆಗೆ, ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ನಡೆಸಿದ ಅರಣ್ಯ ಸತ್ಯಾಗ್ರಹ 1939ರದು. ನಿಜಲಿಂಗಪ್ಪನವರು ಜೈಲಿಗೆ ಹೋದದ್ದೂ ಅದೇ ಹೋರಾಟದಲ್ಲಿ. ಆ ತಿಂಗಳುಗಳ ‘ತಾಯಿನಾಡು’, ‘ಸಂಯುಕ್ತ ಕರ್ನಾಟಕ’ ಸಂಚಿಕೆಗಳಲ್ಲಿ ಬಂಧಿತರ ಹೆಸರಿಗಾಗಿ ನೋಡಿ. ಹೆಸರು ಸಿಕ್ಕಿದರೆ ಪತ್ರಿಕೆಯ ತಲೆಬರಹವೂ ದಿನಾಂಕವೂ ಕಾಣುವಂತೆ ಪುಟದ ಚಿತ್ರ ತೆಗೆದುಕೊಳ್ಳಿ. ಆಮೇಲೆ ಆ ಹೆಸರಿನ ತಂದೆ ಯಾರೆಂಬುದನ್ನು ಹೊಲದ ಕಾಗದದೊಂದಿಗೆ ಹೋಲಿಸಿ ನೋಡಿ. ಅಲ್ಲಿ ‘ಬಿನ್’ ಬೇರೆಯಾಗಿದ್ದರೆ, ಎಷ್ಟೇ ಆಸೆಯಾದರೂ, ಅವರನ್ನು ನಿಮ್ಮ ವಂಶವೃಕ್ಷಕ್ಕೆ ಸೇರಿಸಬೇಡಿ.